ಎಲ್ಲರಿಗೂ ಗೊತ್ತಿದ್ದ ಮಾತು

ನಮ್ಮ ರಾರೊಟೊಂಗಾದಲ್ಲಿ ದೊಡ್ಡ ರಸ್ತೆ ಒಂದೇ. ಅದು ಕಡಲಿನ ಪಕ್ಕದಲ್ಲೇ ದ್ವೀಪವನ್ನು ಸುತ್ತಿ, ಹೊರಟಲ್ಲಿಗೇ ಬಂದು ಸೇರುತ್ತದೆ. ಒಂದು ಬಸ್ಸು ಬಲಸುತ್ತು ಹೋಗುತ್ತದೆ, ಇನ್ನೊಂದು ಎಡಸುತ್ತು. ಯಾವುದನ್ನು ಹತ್ತಿದರೂ ಮನೆ ಸೇರಬಹುದು ಎಂಬ ಧೈರ್ಯ ಚಿಕ್ಕಂದಿನಿಂದಲೂ ನಮಗಿದೆ. ಆದರೆ ಬಸ್ಸು ಬೆಟ್ಟದ ಕಡೆಗೆ ತಿರುಗುವುದಿಲ್ಲ. ಕೆಸುವಿನ ಗದ್ದೆಗಳಾಚೆ, ತೊರೆ ದಾಟಿ ಒಳಗೆ ಮನೆ ಮಾಡಿಕೊಂಡವರಿಗೆ ಸ್ವಂತ ಗಾಡಿ ಬೇಕು. ಗಾಡಿಯೊಂದಿದ್ದರೆ ಸಾಲದು. ಅದನ್ನು ಓಡಿಸಲು ಲೈಸೆನ್ಸ್ ಇರುವವರೊಬ್ಬರು ಮನೆಯಲ್ಲಿರಬೇಕು.

ಪೋಕೋ ಅಜ್ಜಿಯ ಮನೆ ಇರುವುದು ಅಂಥ ಒಳದಾರಿಯಲ್ಲಿ. ಮನೆಯಲ್ಲಿ ಇಬ್ಬರೇ, ಅಜ್ಜಿ ಮತ್ತು ಮೊಮ್ಮಗಳು ಅಕಾಯಿತಿ. ಅಜ್ಜಿಗೆ ಸಕ್ಕರೆ ಕಾಯಿಲೆ. ಕಣ್ಣಿಗೆ ಈಗ ಬೆಳಕು ಮತ್ತು ನೆರಳು ಮಾತ್ರ ಕಾಣುತ್ತವೆ. ಎಡಗಾಲಿನಲ್ಲಿ ಮಾಯದ ಹುಣ್ಣೊಂದಿದೆ. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಅದನ್ನು ತೊಳೆಸಿ, ಪಟ್ಟಿ ಕಟ್ಟಿಸಿಕೊಂಡು ಬರಬೇಕು. "ಪಟ್ಟಿ ತಪ್ಪಿಸಬೇಡಿ, ಒದ್ದೆಯಾಗೋಕೆ ಬಿಡಬೇಡಿ. ತಪ್ಪಿಸಿದ್ರೆ ಕಾಲನ್ನೇ ತೆಗೀಬೇಕಾಗುತ್ತೆ" ಎಂದು ನರ್ಸ್ ಬಾಗಿಲವರೆಗೂ ಬಂದು ಹೇಳಿ ಕಳಿಸುತ್ತಿದ್ದಳು.

ಅಕಾಯಿತಿ ಹಳೆಯ ಪಿಕಪ್ಪಿನಲ್ಲಿ ಅಜ್ಜಿಯನ್ನು ಕರೆದುಕೊಂಡು ಹೋಗುತ್ತಿದ್ದಳು. ಪಟ್ಟಿ ಕಟ್ಟಿಸಿಕೊಂಡ ಮೇಲೆ ಹತ್ತಿರದ ದಾರಿಯಲ್ಲಿ ಮನೆಗೆ ಬರುವುದು ಅಜ್ಜಿಗೆ ಇಷ್ಟವಿರಲಿಲ್ಲ. "ಸುತ್ತು ಹಾಕ್ಕೊಂಡು ಹೋಗೇ" ಎನ್ನುತ್ತಿದ್ದಳು. ಕಿಟಕಿಯ ಗಾಜು ಇಳಿಸಿ, ಕಿವಿಯ ಹಿಂದೆ ತಿಯಾರೆ ಹೂ ಸಿಕ್ಕಿಸಿಕೊಂಡು, ಮುಖವನ್ನು ಗಾಳಿಗೆ ಒಡ್ಡಿ ಕೂರುತ್ತಿದ್ದಳು. ಕಣ್ಣು ಕಾಣದಿದ್ದರೂ ದ್ವೀಪ ಅವಳಿಗೆ ಕಾಣುತ್ತಿತ್ತು. "ಯಾರೋ ಒಣಗಿದೆಲೆ ಸುಡ್ತಿದ್ದಾರೆ. ಮತವೇರಾ ಹಳ್ಳಿ ಬಂತು." ಆಮೇಲೆ, "ಕಡಲು ಪಿಸುಮಾತಾಡ್ತಿದೆ. ತಿತಿಕವೇಕಾ." ಹವಳದ ದಂಡೆ ದೂರವಿದ್ದಲ್ಲಿ ಅಲೆಯ ಸದ್ದು ನಿದ್ದೆಯಲ್ಲಿ ಕೇಳಿದ ಹಾಗೆ ಇರುತ್ತದೆ. ಬಿಸಿಲಿಗೆ ದೇವಕಣಗಿಲೆ ಬಾಡುವ ವಾಸನೆ, ಹಂದಿಗೂಡಿನ ವಾಸನೆ, ಯಾರದೋ ಅಂಗಳದಲ್ಲಿ ನೆಲ ತೋಡಿ ಮುಚ್ಚಿದ ಒಲೆ ತೆರೆದ ವಾಸನೆ ಒಂದರ ಹಿಂದೊಂದು ಬಂದು ಅವಳ ಮಡಿಲಲ್ಲಿ ಕೂತು ಹೋಗುತ್ತಿದ್ದವು. ಅಕಾಯಿತಿಗೂ ಆ ಸುತ್ತು ಕನಸಿನಂತೆ ಇರುತ್ತಿತ್ತು. ಬಲಕ್ಕೆ ಬೆಟ್ಟ, ಎಡಕ್ಕೆ ನೀರು, ನಡುವೆ ಅವರಿಬ್ಬರು.

ಒಂದು ಆಗಸ್ಟ್ ಮಧ್ಯಾಹ್ನ ಆ ಕನಸು ಒಡೆಯಿತು.

ತಿಮಿಂಗಿಲಗಳು ದ್ವೀಪದ ಹತ್ತಿರ ಬರುವ ಕಾಲವದು. ರಸ್ತೆಯ ಅಂಚಿನಲ್ಲಿ ಜನ ನಿಂತಿದ್ದರು. "ಏನೇ ಅದು, ಅಷ್ಟೊಂದು ಗದ್ದಲ?" ಎಂದು ಅಜ್ಜಿ ಕೇಳಿದಳು.

"ತಿಮಿಂಗಿಲ ಅಜ್ಜಿ. ಹವಳದ ದಂಡೆಯ ಪಕ್ಕದಲ್ಲೇ ಇದೆ."

"ಹೇಳು, ಹೇಳು. ಹೇಗಿದೆ?"

"ಕಪ್ಪು ಬೆನ್ನು. ಈಗ ಮುಳುಗ್ತು. ಇರು... ಬಾಲ ಎತ್ತಿದೆ ಅಜ್ಜಿ. ಎರಡು ತೆಂಗಿನ ಗರಿ ಜೋಡಿಸಿ ಹಿಡಿದ ಹಾಗೆ. ನೀರು ಸುರೀತಿದೆ ಅದರಿಂದ..."

ಗಾಡಿ ನಿಂತಿರಲಿಲ್ಲ. ಮೆಲ್ಲಗೆ ಹೋಗುತ್ತಲೇ ಇತ್ತು. ಅಕಾಯಿತಿಯ ಕಣ್ಣು ಮಾತ್ರ ರಸ್ತೆಯ ಮೇಲಿರಲಿಲ್ಲ. ಧಡ್ ಎಂದ ಸದ್ದಿಗೆ ಅವಳು ತಿರುಗಿದಾಗ ಎಳನೀರು ಮಾರುವ ತೇರೆಯಣ್ಣ ನೆಲದ ಮೇಲಿದ್ದ. ಅವನ ಮೇಜು ಮುರಿದಿತ್ತು. ಹಸಿರು ಎಳನೀರುಗಳು ರಸ್ತೆ ದಾಟಿ, ಮರಳಿನ ಮೇಲೆ ಉರುಳಿ, ಒಂದೊಂದಾಗಿ ನೀರು ಸೇರುತ್ತಿದ್ದವು.

ತೇರೆಯಣ್ಣನ ಕೈ ಮುರಿದಿತ್ತು. ಅವನು ಒಳ್ಳೆಯ ಮನುಷ್ಯ. ಅಕಾಯಿತಿ ಅಳುತ್ತಾ ಆಸ್ಪತ್ರೆಗೆ ಹೋದಾಗ, "ಅಳಬೇಡ ಕಣಮ್ಮ. ಆ ತಿಮಿಂಗಿಲಕ್ಕೆ ಲೈಸೆನ್ಸ್ ಇತ್ತಾ ಅಂತ ಮೊದಲು ವಿಚಾರಿಸು" ಎಂದು ನಕ್ಕ. ಅಜ್ಜಿ ಕೆಸುವಿನ ಗೆಡ್ಡೆಯ ಬುಟ್ಟಿಯನ್ನೂ ಒಂದು ಹೊಸ ಚಾಪೆಯನ್ನೂ ಅವನ ಮನೆಗೆ ಕಳಿಸಿದಳು. ಎರಡು ಮನೆಗಳ ನಡುವೆ ಕಹಿ ಉಳಿಯಲಿಲ್ಲ. ಆದರೂ ಕೇಸು ಕೇಸೇ. ಒಬ್ಬರಿಗೆ ಗಾಯವಾಗಿತ್ತು, ತಪ್ಪು ಓಡಿಸಿದವಳದ್ದು.

ಆಸ್ಪತ್ರೆಯ ಕಾಗದಗಳು ಸೇರಿ ಕೇಸು ಕೋರ್ಟಿಗೆ ಬರುವಾಗ ಏಪ್ರಿಲ್ ಆಯಿತು. ಅಲ್ಲಿಯವರೆಗೆ ಅಕಾಯಿತಿ ಗಾಡಿ ಓಡಿಸಿದಳು, ಕಣ್ಣನ್ನು ರಸ್ತೆಯ ಮೇಲೇ ಇಟ್ಟು. ಅಜ್ಜಿಯೂ ಏನನ್ನೂ ಕೇಳುತ್ತಿರಲಿಲ್ಲ.

ಅಂದು ನ್ಯಾಯಕ್ಕೆ ಕೂತಿದ್ದವರು ಮತಾಯೋ ಮೇಷ್ಟ್ರು. ನಮ್ಮ ಚಿಕ್ಕ ಕೋರ್ಟಿನಲ್ಲಿ ಕೂರುವವರು ದ್ವೀಪದ ಹಿರಿಯರೇ. ಮೇಷ್ಟ್ರು ಅಕಾಯಿತಿಗೆ ಅಕ್ಷರ ಕಲಿಸಿದವರು. ಗುರುವಾರ ಕೋರ್ಟಿನಲ್ಲಿ, ಭಾನುವಾರ ಚರ್ಚಿನ ಮುಂದಿನ ಬೆಂಚಿನಲ್ಲಿ. ಪ್ರತಿ ಭಾನುವಾರ ಚರ್ಚಿನ ಮೆಟ್ಟಿಲ ಬಳಿ ಪೋಕೋ ಅಜ್ಜಿಯ ತೋಳು ಹಿಡಿದು, ಅವಳ ಕುಂಟುಗಾಲಿಗೆ ತಕ್ಕಂತೆ ಹೆಜ್ಜೆ ಹಾಕುತ್ತಾ ಒಳಗೆ ಕರೆದೊಯ್ಯುವವರು ಅವರೇ.

ಅಕಾಯಿತಿ ವಕೀಲರನ್ನು ಇಟ್ಟುಕೊಂಡಿರಲಿಲ್ಲ. ತಪ್ಪು ಒಪ್ಪಿಕೊಳ್ಳುವುದಕ್ಕೆ ವಕೀಲರೇಕೆ? ತಲೆ ತಗ್ಗಿಸಿ ನಿಂತು, "ತಪ್ಪಾಯ್ತು" ಎಂದಳು.

"ಇನ್ನೇನಾದ್ರೂ ಹೇಳೋದಿದೆಯಾ?" ಮೇಷ್ಟ್ರು ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಲೈಸೆನ್ಸ್ ವಿಷಯದಲ್ಲಿ, ಮನೆ ವಿಷಯದಲ್ಲಿ, ಏನಾದ್ರೂ?"

ಅವಳು ನೆಲ ನೋಡಿದಳು. ಇವರಿಗೆ ನಾನೇನು ಹೇಳುವುದು, ಅಜ್ಜಿಯ ಕಾಲಿನ ಕಥೆ ನನಗಿಂತ ಇವರಿಗೇ ಚೆನ್ನಾಗಿ ಗೊತ್ತು ಎಂದುಕೊಂಡಳು. ಗೊತ್ತಿರುವ ಹಿರಿಯರಿಗೆ ಗೊತ್ತಿರುವುದನ್ನೇ ಹೇಳಿದರೆ ಕನಿಕರ ಬೇಡಿದ ಹಾಗೆ. ನಮ್ಮಲ್ಲಿ ಅದು ನಾಚಿಕೆಯ ಮಾತು. ಮೇಷ್ಟ್ರು ಸ್ವಲ್ಪ ಹೊತ್ತು ಕಾದರು. ಹೊರಗೆ ಕೋಳಿಯೊಂದು ಕೂಗಿತು. ಆಮೇಲೆ ಅವರು ತೀರ್ಪು ಓದಿದರು. ದಂಡ, ಜೊತೆಗೆ ಎರಡು ವರ್ಷ ಯಾವ ಗಾಡಿಯನ್ನೂ ಓಡಿಸುವಂತಿಲ್ಲ.

ಎರಡು ವರ್ಷ ಎಂದರೆ, ನಮ್ಮಲ್ಲಿ ನವೆಂಬರಿಗೆ ಶುರುವಾಗುವ ಮಳೆಗಾಲ ಎರಡು.

ಅಂದಿನಿಂದ ಒಂಟಿಚಕ್ರದ ಕೈಗಾಡಿ ಶುರುವಾಯಿತು. ಕೆಸುವಿನ ಗೆಡ್ಡೆ ಹೊರುವ ಕೈಗಾಡಿಯಲ್ಲಿ ಅಕಾಯಿತಿ ದಿಂಬು ಹಾಕಿ, ಅಜ್ಜಿಯನ್ನು ಕೂರಿಸಿ, ಕಾಲಿಗೆ ಪ್ಲಾಸ್ಟಿಕ್ ಸುತ್ತಿ, ಒಳದಾರಿಯಲ್ಲಿ ತಳ್ಳಿಕೊಂಡು ಬಸ್ಸಿನ ರಸ್ತೆಗೆ ತರುತ್ತಿದ್ದಳು. ಅಜ್ಜಿ ತಲೆಗೆ ಹೂವಿನ ಕಿರೀಟ ಇಟ್ಟುಕೊಂಡೇ ಹೊರಡುತ್ತಿದ್ದಳು. "ರಾಣಿ ಬರ್ತಿದ್ದಾಳೆ, ದಾರಿ ಬಿಡ್ರೋ" ಎಂದು ಗದ್ದೆಯಲ್ಲಿದ್ದವರು ಕೂಗುತ್ತಿದ್ದರು. "ತೆರಿಗೆ ಕಟ್ಟಿದ್ದೀರೇನ್ರೋ?" ಎಂದು ಅಜ್ಜಿ ಕೇಳುತ್ತಿದ್ದಳು. ನಗುವಿನ ಹಿಂದೆ ಅಕಾಯಿತಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನೆರೆಯವರು ಕೆಲವು ದಿನ ತಮ್ಮ ಗಾಡಿಯಲ್ಲಿ ಕರೆದೊಯ್ದರು. ಆದರೆ ಅವರಿಗೂ ಕೆಲಸಗಳಿದ್ದವು. ತೊರೆಯಲ್ಲಿ ನೀರು ಹೆಚ್ಚಾದ ದಿನ ಕೈಗಾಡಿ ದಾಟಲಿಲ್ಲ. ಅಂದು ಪಟ್ಟಿ ತಪ್ಪಿತು. ಮುಂದಿನ ಸಲ ಹುಣ್ಣು ಬಿಚ್ಚಿದ ನರ್ಸ್ ನಗಲಿಲ್ಲ.

ಮಂಗಳವಾರ ಮಧ್ಯಾಹ್ನಗಳಲ್ಲಿ ನಾವು ನೆರೆಯ ಹೆಂಗಸರು ಪೋಕೋ ಅಜ್ಜಿಯ ಜಗಲಿಯಲ್ಲಿ ಕೌದಿ ಹೊಲಿಯಲು ಸೇರುತ್ತೇವೆ. ಬಿಳಿ ಬಟ್ಟೆಯ ಮೇಲೆ ಬಣ್ಣದ ಹೂ ಎಲೆಗಳನ್ನು ಕತ್ತರಿಸಿಟ್ಟು ಹೊಲಿಯುವ ದೊಡ್ಡ ಕೌದಿ. ಆಗ ಹೊಲಿಯುತ್ತಿದ್ದದ್ದು ತೇರೆಯಣ್ಣನ ಮಗಳ ಮದುವೆಗೆ, ಕೆಂಪು ದಾಸವಾಳದ್ದು. ದ್ವೀಪದಲ್ಲಿ ಒಂದು ಕಾಲಕ್ಕೆ ಅಜ್ಜಿಯಷ್ಟು ಚೆನ್ನಾಗಿ ಹೂ ಕತ್ತರಿಸುವವರು ಇರಲಿಲ್ಲ. ಈಗ ಅವಳು ಬೆರಳಿನಿಂದ ಅಂಚು ತಡಕಿ ಹೊಲಿಯುತ್ತಾಳೆ.

ಹಾಗೊಂದು ಮಂಗಳವಾರ ತೆಕುರಾ ಬಂದವಳೇ ಅಂಗಳದಲ್ಲಿದ್ದ ಕೈಗಾಡಿಯನ್ನು ನೋಡಿ ನಿಂತಳು. ತೆಕುರಾ ಅವಾರುವಾ ಪೇಟೆಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ದಪ್ಪ ದನಿ, ಜೋರು ನಗು.

"ಏನಜ್ಜಿ, ಹೊಸ ಗಾಡಿ ತಗೊಂಡ್ರಂತೆ?"

"ಪೆಟ್ರೋಲು ಬೇಡ ಕಣೇ ಇದಕ್ಕೆ" ಎಂದಳು ಅಜ್ಜಿ. "ಒಂದು ಬಾಳೆಹಣ್ಣು ತಿನ್ನಿಸಿದ್ರೆ ಪೇಟೆವರೆಗೂ ಓಡುತ್ತೆ."

ತೆಕುರಾ ನಕ್ಕು, ಚಾಪೆಯ ಮೇಲೆ ಕೂತು, ಅಕಾಯಿತಿಯ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಅವಳ ನಗು ನಿಂತಿತು.

"ಅಪೀಲು ಯಾಕೆ ಹಾಕಿಲ್ಲ ನೀನು?"

"ಅಪೀಲಾ? ನಾನು ತಪ್ಪು ಒಪ್ಕೊಂಡಿದ್ದೀನಲ್ಲ ಅಕ್ಕ."

"ತಪ್ಪು ಒಪ್ಕೊಂಡವರೂ ಶಿಕ್ಷೆ ಬಗ್ಗೆ ಅಪೀಲು ಹಾಕಬಹುದು ಕಣೇ. ತಪ್ಪು ಮಾಡಿದ್ದು ನಿಜ, ದಂಡ ಕಟ್ತೀನಿ, ಲೈಸೆನ್ಸ್ ಇಲ್ಲದ ಅವಧಿಯನ್ನ ಮಾತ್ರ ಇನ್ನೊಂದು ಸಲ ತೂಗಿ ನೋಡಿ ಅಂತ ಕೇಳೋದು. ಅಷ್ಟೇ. ಹೊರಗಿಂದ ದೊಡ್ಡ ನ್ಯಾಯಾಧೀಶರು ಬರ್ತಾರಲ್ಲ, ಅವರ ಮುಂದೆ."

"ಬೇಡ" ಎಂದಳು ಅಜ್ಜಿ. ಸೂಜಿ ನಿಲ್ಲಿಸಿರಲಿಲ್ಲ. "ಮತಾಯೋ ಹೇಳಿ ಆಯ್ತು. ಅವನ ಮಾತಿನ ಮೇಲೆ ಇನ್ನೊಬ್ಬರ ಹತ್ರ ಹೋಗೋದು ಅಂದ್ರೆ ಏನು? ವಿಮಾನದಿಂದ ಇಳಿದು ಬಂದ ಯಾರೋ, ನಮ್ಮೂರಿನ ಮೇಷ್ಟ್ರು ಬರೆದದ್ದು ತಪ್ಪು ಅಂತ ಎಲ್ಲರೆದುರು ಓದಬೇಕಾ? ಭಾನುವಾರ ಅವನು ನನ್ನ ತೋಳು ಹಿಡೀತಾನಲ್ಲೇ. ಯಾವ ಮುಖ ಇಟ್ಕೊಂಡು ತೋಳು ಕೊಡಲಿ?"

"ಕಾಲು ಹೋದ್ರೆ ತೋಳು ಹಿಡ್ಕೊಂಡು ಏನು ಮಾಡ್ತೀರಿ ಅಜ್ಜಿ?"

ತೆಕುರಾ ಒರಟಾಗಿ ಮಾತಾಡುತ್ತಾಳೆ, ಆದರೆ ಸುಳ್ಳು ಆಡುವುದಿಲ್ಲ.

ಅಜ್ಜಿ ಮಾತು ತಿರುಗಿಸಿದಳು. "ಅಷ್ಟು ಕಷ್ಟ ಆದ್ರೆ ಅಕಾಯಿತಿ ಗಾಡಿನೇ ಓಡಿಸ್ಲಿ. ಮಳೆ ಬಂದ ದಿನ ಮಾತ್ರ. ರಸ್ತೇಲಿ ನಿಲ್ಲೋ ಪೊಲೀಸು ನನ್ನ ತಂಗಿ ಮೊಮ್ಮಗ. ನಮ್ಮನ್ನ ಕಂಡ್ರೆ ಆಕಾಶ ನೋಡ್ತಾನೆ."

"ಅವನು ಆಕಾಶ ನೋಡಿದ್ರೆ ಆಯ್ತಾ? ಇನ್ನೊಬ್ಬ ನೆಲ ನೋಡ್ತಾನೆ. ಕೋರ್ಟು ಓಡಿಸಬೇಡ ಅಂದ ಮೇಲೆ ಓಡಿಸಿದ್ರೆ ಅದು ಹೊಸ ಅಪರಾಧ ಅಜ್ಜಿ. ಮೊದಲನೇದಕ್ಕಿಂತ ಕೆಟ್ಟದ್ದು. ಜೈಲೂ ಆಗಬಹುದು, ನಿಷೇಧ ಇನ್ನೂ ಉದ್ದ ಆಗಬಹುದು. ಆಮೇಲೆ ಯಾವ ನ್ಯಾಯಾಧೀಶರ ಮುಂದೆ ಯಾವ ಬಾಯಲ್ಲಿ ಕೇಳ್ತೀರಿ?"

"ಅಪೀಲು ಹಾಕಿದ ಕೂಡ್ಲೇ ಓಡಿಸಬಹುದಾ ಅಕ್ಕ?" ಅಕಾಯಿತಿ ಮೆಲ್ಲಗೆ ಕೇಳಿದಳು.

"ಅದೂ ಹಾಗಲ್ಲ. ಅಪೀಲು ತೀರೋವರೆಗೆ ನಿಷೇಧ ತಡೆದಿಡಿ ಅಂತ ಬೇರೆಯಾಗಿ ಕೇಳಬೇಕು. ಕೋರ್ಟು ಹೂಂ ಅಂದ್ರೆ ಸರಿ, ಇಲ್ಲಾಂದ್ರೆ ಕೈಗಾಡಿನೇ ಗತಿ. ಇನ್ನೊಂದು ಮಾತು. ಅಪೀಲು ಹಾಕಿದವರೆಲ್ಲ ಗೆಲ್ಲೋದಿಲ್ಲ. ಕೆಲವು ಸಲ ಶಿಕ್ಷೆ ಹೆಚ್ಚೂ ಆಗಬಹುದು. ಅದಕ್ಕೇ ಮೊದಲು ವಕೀಲರನ್ನ ಕೇಳಬೇಕು. ನಮ್ಮ ಸಾಹೇಬ್ರನ್ನ ನಾನು ಕೇಳ್ತೀನಿ. ಆದ್ರೆ ಗಡುವು ಹತ್ತಿರ ಇದೆ ಮಗಳೇ. ತೀರ್ಪಾದ ದಿನದಿಂದ ಲೆಕ್ಕ. ಮುಂದಿನ ವಾರ ದಾಟಿಸಿದ್ರೆ ಆ ಬಾಗಿಲು ತೆರೆಯೋದು ಬಹಳ ಕಷ್ಟ."

ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು. "ಈ ಮನೆಯಿಂದ ಯಾರೂ ಮತಾಯೋನ ಮೇಲೆ ಅರ್ಜಿ ಬರೆಯಲ್ಲ." ಅಷ್ಟಕ್ಕೆ ಮಾತು ಮುಗಿಯಿತು.

ಭಾನುವಾರ ನಾನೂ ಚರ್ಚಿನ ಮೆಟ್ಟಿಲ ಬಳಿ ಇದ್ದೆ. ಬಿಳಿ ಟೋಪಿಗಳ ಹೆಂಗಸರು ಒಳಗೆ ಹೋಗುತ್ತಿದ್ದರು. ಹಾಡು ಶುರುವಾಗುವ ಮೊದಲಿನ ಆ ಹೊತ್ತಿನಲ್ಲಿ ಎಲ್ಲರ ಬಿಳಿ ಬಟ್ಟೆಗಳೂ ಬಿಸಿಲಿನಲ್ಲಿ ಕರಗಿ ಒಂದೇ ಮೋಡದಂತೆ ಕಾಣುತ್ತವೆ. ಮತಾಯೋ ಮೇಷ್ಟ್ರು ಎಂದಿನಂತೆ ಬಂದು ಅಜ್ಜಿಯ ತೋಳು ಹಿಡಿದರು. ಒಂದೊಂದೇ ಮೆಟ್ಟಿಲು ಹತ್ತಿದರು.

ಅಜ್ಜಿಗೆ ತಡೆಯಲಾಗಲಿಲ್ಲ. "ಮತಾಯೋ, ನನ್ನ ಕಾಲು ನಿಂಗೆ ಗೊತ್ತಿರಲಿಲ್ವೇನಪ್ಪ?"

ಮೇಷ್ಟ್ರು ನಿಂತರು. "ಆ ಕೇಸಿನ ಮಾತು ನಾನಾಡೋ ಹಾಗಿಲ್ಲ ಅಕ್ಕ. ನೀವೂ ನನ್ನ ಹತ್ರ ಆಡಬಾರದು."

"ಆಡಲ್ಲ ಬಿಡು."

ಇನ್ನೊಂದು ಮೆಟ್ಟಿಲು ಹತ್ತಿದ ಮೇಲೆ ಅವರು ಯಾರಿಗೂ ಅಲ್ಲವೆಂಬಂತೆ ಹೇಳಿದರು. "ಯಾರದೇ ಕೇಸಾಗಲಿ, ಭಾನುವಾರ ಕಂಡದ್ದನ್ನ ಗುರುವಾರ ಕೋರ್ಟಿಗೆ ತಗೊಂಡು ಹೋಗೋಕೆ ನನಗೆ ಅಧಿಕಾರ ಇಲ್ಲ. ಅಲ್ಲಿ ಯಾರಾದ್ರೂ ಬಾಯಿಬಿಟ್ಟು ಹೇಳಿದ್ದು ಮಾತ್ರ ತಕ್ಕಡಿಗೆ. ಅದಕ್ಕೇ ಎಲ್ಲರನ್ನೂ ಕೇಳ್ತೀನಿ, ಕೇಳಿ ಕಾಯ್ತೀನಿ." ಆಮೇಲೆ ತಗ್ಗಿದ ದನಿಯಲ್ಲಿ, "ಹುಷಾರು, ಹೊಸ್ತಿಲು" ಎಂದರು.

ಒಳಗೆ ಹಾಡು ಎದ್ದಿತು. ಗಂಡಸರ ದನಿ ಕೆಳಗಿನಿಂದ, ಹೆಂಗಸರ ದನಿ ಅದರ ಮೇಲಿನಿಂದ, ದಂಡೆಗೆ ಅಲೆ ಬಡಿದಂತೆ. ಪೋಕೋ ಅಜ್ಜಿ ಅಂದು ಹಾಡಲಿಲ್ಲ.

ಮತ್ತೆ ಮಂಗಳವಾರ ಬಂತು. ಕೌದಿಯ ಸುತ್ತ ಕೂತೆವು. ಗಡುವಿನ ಮಾತನ್ನು ಯಾರೂ ಎತ್ತಲಿಲ್ಲ. ತೆಕುರಾ ಕೂಡ ಬಾಯಿ ಬಿಗಿಹಿಡಿದು ಹೊಲಿಯುತ್ತಿದ್ದಳು. ಅಜ್ಜಿ ಕೆಂಪು ದಾಸವಾಳದ ಒಂದು ಎಸಳಿನ ಮೇಲೆ ಬೆರಳಾಡಿಸುತ್ತಿದ್ದಳು. ಹೋಗುತ್ತಾ, ಬರುತ್ತಾ, ಮತ್ತೆ ಹೋಗುತ್ತಾ.

"ಈ ಎಸಳು ಹೋದ ವಾರ ನಾನು ಹೊಲಿದದ್ದು. ಇದನ್ನ ಬಿಚ್ಚಿ ಮತ್ತೆ ಹೊಲಿದವರು ಯಾರು?"

ನನ್ನ ಸೂಜಿ ಬಟ್ಟೆಯಲ್ಲೇ ನಿಂತಿತು. ತೆಕುರಾ ನನ್ನನ್ನು ನೋಡಿದಳು. ವಿಷಯ ಇಷ್ಟೇ. ಅಜ್ಜಿಯ ಹೊಲಿಗೆ ಈಚೆಗೆ ಸೊಟ್ಟ ಹೋಗುತ್ತಿತ್ತು. ಅವಳು ಒಳಗೆ ಹೋದಾಗ ನಾವು ಮೆಲ್ಲಗೆ ಬಿಚ್ಚಿ, ನೇರ ಮಾಡಿ ಹೊಲಿಯುತ್ತಿದ್ದೆವು. ಅವಳಿಗೆ ತಿಳಿಯದು ಎಂದುಕೊಂಡಿದ್ದೆವು.

"ಅಜ್ಜಿ, ಅದು..."

"ಎಷ್ಟು ದಿನದಿಂದ ನಡೀತಿದೆ ಅಂತಾನೂ ಗೊತ್ತು. ಕಣ್ಣು ಹೋಗಿದೆ, ಬೆರಳು ಹೋಗಿಲ್ಲ." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. "ನಾನು ಹೊಲಿದದ್ದು ಸೊಟ್ಟ ಇತ್ತು. ಅಂಚು ಕಾಣದೆ ಹೊಲಿದೆ, ನನ್ನ ತಪ್ಪಲ್ಲ. ಆದ್ರೆ ಇದು ಮದುವೆ ಹುಡುಗಿ ಹೊದೆಯೋ ಕೌದಿ. ನೀವು ಬಿಚ್ಚಿದ್ರಿ, ಹೊಲಿದ್ರಿ. ನಾನು ಸತ್ತೆನಾ? ಸಾಯಲಿಲ್ಲ. ರಾತ್ರಿ ಚೆನ್ನಾಗಿ ನಿದ್ದೆನೂ ಬಂತು, ಹೂ ನೆಟ್ಟಗಾಯ್ತಲ್ಲ ಅಂತ."

ಅವಳು ಆ ಎಸಳನ್ನು ಅಂಗೈಯಿಂದ ಸವರಿದಳು. ದೀವಿಹಲಸಿನ ಎಲೆಯೊಂದು ಅಂಗಳಕ್ಕೆ ಬಿದ್ದ ಸದ್ದು ಕೇಳಿತು.

"ಮತಾಯೋಗೂ ಅಂಚು ಕಾಣಲಿಲ್ಲ" ಎಂದಳು ಅಜ್ಜಿ. "ಕಾಣಿಸಬೇಕಾದವಳು ನೆಲ ನೋಡ್ಕೊಂಡು ನಿಂತಿದ್ಳು. ಅವಳಿಗೆ ಹಾಗೆ ನಿಲ್ಲೋಕೆ ಕಲಿಸಿದವಳು ನಾನು." ಆಮೇಲೆ, "ಏ ತೆಕುರಾ, ನಿಮ್ಮ ಸಾಹೇಬ್ರು ಇವತ್ತು ಕಚೇರೀಲಿ ಇದ್ದಾರಾ?"

"ನಾನು ಹೋಗಿ ಹಿಡ್ಕೊಂಡ್ರೆ ಇರ್ತಾರೆ ಅಜ್ಜಿ."

"ಹಾಗಾದ್ರೆ ಎದ್ದೇಳು. ಅಕಾಯಿತಿನ ಕರ್ಕೊಂಡು ಹೋಗು. ಸೂಜಿ ಇಲ್ಲಿಟ್ಟು ಹೋಗು, ಅದು ನನ್ನದು."

ಅಪೀಲು ಗಡುವಿನೊಳಗೆ ಸಲ್ಲಿಕೆಯಾಯಿತು. ವಕೀಲರು ಅದರಲ್ಲಿ ತೀರ್ಪು ತಪ್ಪು ಎಂದು ಬರೆಯಲಿಲ್ಲ, ಚಿಕ್ಕ ಕೋರ್ಟಿನ ಮುಂದೆ ಬಾರದ ವಿಷಯವೊಂದಿದೆ ಎಂದು ಬರೆದರು. ನಿಷೇಧಕ್ಕೆ ತಡೆ ಕೇಳಿದರು. ಅದು ಸಿಗಲಿಲ್ಲ. ಕೈಗಾಡಿ ಮುಂದುವರಿಯಿತು. ಒಂದು ಬೆಳಿಗ್ಗೆ ಜೋರು ಮಳೆಯಲ್ಲಿ ಅಕಾಯಿತಿ ಪಿಕಪ್ಪಿನ ಕೀಲಿಕೈ ಹಿಡಿದು ಬಹಳ ಹೊತ್ತು ನಿಂತಿದ್ದಳಂತೆ. ಆಮೇಲೆ ಅದನ್ನು ನಮ್ಮ ಮನೆಗೆ ತಂದು, "ಇದು ನಿಮ್ಮಲ್ಲೇ ಇರಲಿ" ಎಂದು ಕೊಟ್ಟು ಹೋದಳು. ನಾನು ಅದನ್ನು ದಾರದ ಡಬ್ಬಿಯಲ್ಲಿ ಹಾಕಿಟ್ಟೆ.

ಜೂನ್ ತಿಂಗಳಲ್ಲಿ ನ್ಯಾಯಾಧೀಶರು ಬಂದರು. ಬಿಳಿ ಕೂದಲಿನ ಹೆಂಗಸು. ಅವರಿಗೆ ನಮ್ಮ ದ್ವೀಪದಲ್ಲಿ ಯಾರ ಮನೆಯೂ ಗೊತ್ತಿರಲಿಲ್ಲ, ಯಾರ ಕಾಲೂ ಗೊತ್ತಿರಲಿಲ್ಲ. ವಕೀಲರು ನರ್ಸ್ ಬರೆದುಕೊಟ್ಟ ಪತ್ರ ಕೊಟ್ಟರು. ಒಳದಾರಿಯ, ತೊರೆಯ ಫೋಟೋಗಳನ್ನು ಕೊಟ್ಟರು. ಆಮೇಲೆ, "ಅವಳೇ ಮಾತಾಡ್ತಾಳೆ" ಎಂದರು.

ಅಕಾಯಿತಿ ಎದ್ದಳು. ಹಿಂದಿನ ಬೆಂಚಿನಲ್ಲಿ ಅಜ್ಜಿ ಕೋಲಿನಿಂದ ನೆಲವನ್ನು ಒಮ್ಮೆ ಕುಟ್ಟಿದಳು. ಅವಳ ಪಕ್ಕದಲ್ಲಿ ತೇರೆಯಣ್ಣ ಕೂತಿದ್ದ, ಕೂಡಿಕೊಂಡ ಕೈಯನ್ನು ಮಡಿಲಲ್ಲಿಟ್ಟುಕೊಂಡು.

"ತೇರೆಯಣ್ಣನಿಗೆ ಪೆಟ್ಟಾಗಿದ್ದು ನನ್ನಿಂದ" ಎಂದು ಅಕಾಯಿತಿ ಶುರು ಮಾಡಿದಳು. "ರಸ್ತೆ ನೋಡಬೇಕಾದಾಗ ಕಡಲು ನೋಡಿದೆ. ಅದಕ್ಕೆ ಶಿಕ್ಷೆ ಬೇಡ ಅನ್ನೋಲ್ಲ. ನನ್ನ ಅಜ್ಜಿಗೆ ಕಣ್ಣು ಕಾಣಲ್ಲ. ಕಾಲಲ್ಲಿ ಹುಣ್ಣಿದೆ. ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಬೇಕು. ನಮ್ಮ ಮನೆಗೆ ಬಸ್ಸು ಬರಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಈಗ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗ್ತೀನಿ. ಮಳೆಗಾಲ ಬಂದ್ರೆ ತೊರೆ ದಾಟೋಕಾಗಲ್ಲ. ಪಟ್ಟಿ ತಪ್ಪಿದ್ರೆ ಕಾಲು ಉಳಿಯಲ್ಲ ಅಂತ ಆಸ್ಪತ್ರೆಯವರು ಹೇಳಿದ್ದಾರೆ."

ಅಷ್ಟೇ ಮಾತು. ನಮಗೆಲ್ಲ ಗೊತ್ತಿದ್ದದ್ದೇ. ಆದರೂ ಅವಳ ಬಾಯಿಂದ ಕೇಳುವಾಗ ಮೊದಲ ಸಲ ಕೇಳಿದಂತಾಯಿತು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ನ್ಯಾಯಾಧೀಶರು ಕೇಳಿದರು.

"ಎಲ್ಲರಿಗೂ ಗೊತ್ತು ಅಂದ್ಕೊಂಡೆ."

"ನನಗೆ ಗೊತ್ತಿರಲಿಲ್ಲ" ಎಂದರು ಅವರು. "ಈಗ ಗೊತ್ತಾಯ್ತು."

ತಪ್ಪು ಸಣ್ಣದಲ್ಲ, ಒಬ್ಬರ ಕೈ ಮುರಿದಿದೆ, ದಂಡ ಹಾಗೇ ಇರಲಿ ಎಂದರು. ಚಿಕ್ಕ ಕೋರ್ಟು ತನ್ನ ಮುಂದಿದ್ದ ವಿಷಯಕ್ಕೆ ತಕ್ಕ ತೀರ್ಪನ್ನೇ ಕೊಟ್ಟಿದೆ ಎಂದರು. ಹೊಸದಾಗಿ ತಿಳಿದದ್ದನ್ನೂ, ನಿಷೇಧವಿರುವಾಗ ಅವಳು ಒಮ್ಮೆಯೂ ಗಾಡಿ ಮುಟ್ಟದೆ ಇದ್ದದ್ದನ್ನೂ ತೂಗಿ, ಎರಡು ವರ್ಷವನ್ನು ಆರು ತಿಂಗಳಿಗೆ ಇಳಿಸಿದರು. ಲೆಕ್ಕ ಏಪ್ರಿಲ್‌ನಿಂದ. ಎಂದರೆ ಅಕ್ಟೋಬರ್‌ಗೆ ಮುಗಿಯುತ್ತದೆ, ಮಳೆಗಾಲಕ್ಕೆ ಮೊದಲು.

ಮುಂದಿನ ಭಾನುವಾರ ಮತಾಯೋ ಮೇಷ್ಟ್ರು ಮೆಟ್ಟಿಲ ಬಳಿ ಕಾಯುತ್ತಿದ್ದರು. ಅಜ್ಜಿ ತೋಳು ಕೊಟ್ಟಳು. ಅವರು ಹಿಡಿದರು. "ಹುಷಾರು ಅಕ್ಕ, ಹೊಸ್ತಿಲು." ಅಂದು ಅಜ್ಜಿ ಎಷ್ಟು ಜೋರಾಗಿ ಹಾಡಿದಳೆಂದರೆ ಮುಂದಿನ ಬೆಂಚಿನವರು ತಿರುಗಿ ನೋಡಿದರು.

ಅಕ್ಟೋಬರ್‌ನಲ್ಲಿ ನಿಷೇಧ ಮುಗಿಯಿತು. ಲೈಸೆನ್ಸ್ ಕಚೇರಿಗೆ ಹೋಗಿ, ಮತ್ತೆ ಓಡಿಸಬಹುದೆಂದು ಖಚಿತ ಮಾಡಿಕೊಂಡ ಮೇಲೆಯೇ ಅಕಾಯಿತಿ ಕೀಲಿಕೈ ಕೇಳಲು ನಮ್ಮ ಮನೆಗೆ ಬಂದಳು. ದಾರದ ಡಬ್ಬಿಯಲ್ಲಿ ಅದಕ್ಕೆ ಕೆಂಪು ದಾರ ಸುತ್ತಿಕೊಂಡಿತ್ತು. ಬಿಡಿಸದೆ ಹಾಗೇ ಕೊಟ್ಟೆ. "ನೀವೂ ಬನ್ನಿ" ಎಂದಳು. ಹಿಂದೆ ಕೂತೆ.

ಪಟ್ಟಿ ಕಟ್ಟಿಸಿಕೊಂಡು ಬರುವಾಗ ಅಜ್ಜಿ ಏನೂ ಕೇಳಲಿಲ್ಲ. ಅಕಾಯಿತಿಯೇ ಸುತ್ತುದಾರಿ ಹಿಡಿದಳು. ಗಾಳಿಗೆ ಅಜ್ಜಿಯ ಕಿವಿಯ ಹೂ ಅಲುಗುತ್ತಿತ್ತು. ಮತವೇರಾ ಬಂತು, ಹೋಯಿತು. ಕಡಲು ಪಿಸುಮಾತಿಗೆ ಇಳಿಯಿತು. ಒಂದು ಕಡೆ ಜನ ರಸ್ತೆಯ ಅಂಚಿಗೆ ಬಂದು ನಿಂತಿದ್ದರು. ಅಕಾಯಿತಿ ಗಾಡಿಯ ವೇಗ ಇಳಿಸಿದಳು, ರಸ್ತೆ ಬಿಟ್ಟು ಮರಳಿನ ಮೇಲೆ ತಂದಳು, ಇಂಜಿನ್ ಆರಿಸಿದಳು. ಇದ್ದಕ್ಕಿದ್ದಂತೆ ಅಲೆಯ ಸದ್ದು ಒಳಗೆ ತುಂಬಿತು.

"ನಿಂತಿದೆಯಾ ಗಾಡಿ?" ಅಜ್ಜಿ ಕೇಳಿದಳು.

"ನಿಂತಿದೆ ಅಜ್ಜಿ."

"ಕೀಲಿಕೈ?"

"ತೆಗೆದಿದ್ದೀನಿ. ಇಗೋ, ಮುಟ್ಟಿ ನೋಡು."

ಅಜ್ಜಿ ಮುಟ್ಟಿದಳು. ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಪಟ್ಟಿ ಕಟ್ಟಿದ ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿ, ಮುಖವನ್ನು ಕಡಲಿಗೆ ತಿರುಗಿಸಿದಳು.

"ಹಾಗಾದ್ರೆ ಈಗ ಹೇಳು."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಗಾಡಿ ಓಡಿಸುವಾಗ ಕಣ್ಣು ರಸ್ತೆಯ ಮೇಲಿರಲಿ. ನೋಡುವಂಥದ್ದೇನಾದರೂ ಕಂಡರೆ ನಿಲ್ಲಿಸಿ ನೋಡಿ. ತಪ್ಪಾಗಿ ಕೋರ್ಟಿನ ಮುಂದೆ ನಿಲ್ಲಬೇಕಾಗಿ ಬಂದರೆ ತಪ್ಪನ್ನು ಒಪ್ಪಿಕೊಳ್ಳಲು ಹೇಗೆ ನಾಚಬಾರದೋ, ನಿಮ್ಮ ಮನೆಯ ಕಷ್ಟ ಹೇಳಲೂ ಹಾಗೇ ನಾಚಬೇಡಿ. ಕೂತವರು ನಿಮ್ಮ ಬಂಧುವೇ ಆಗಿರಲಿ, ಗುರುವೇ ಆಗಿರಲಿ, ನೀವು ಹೇಳದ ಮಾತು ಅವರ ತಕ್ಕಡಿಗೆ ಬೀಳುವುದಿಲ್ಲ. ಲೈಸೆನ್ಸ್ ಇಲ್ಲದ ಅವಧಿ ಹೊರಲಾರದಷ್ಟು ಉದ್ದವಾಗಿದೆ ಎನಿಸಿದರೆ ಅದೇ ವಾರ ವಕೀಲರನ್ನೋ ಉಚಿತ ಕಾನೂನು ನೆರವಿನವರನ್ನೋ ಕಾಣಿ, ಅಪೀಲಿನ ಗಡುವು ಯಾವತ್ತು ಎಂದು ಮೊದಲು ಕೇಳಿ. ಅದು ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ. ಮೇಲಿನ ಕೋರ್ಟಿಗೆ ಹೋಗುವುದು ಯಾರಿಗೂ ಮಾಡುವ ಅವಮಾನವಲ್ಲ, ಅದು ನ್ಯಾಯದ ಮನೆ ಕಟ್ಟುವಾಗಲೇ ಇಟ್ಟ ಬಾಗಿಲು. ಉತ್ತರ ಬರುವವರೆಗೆ ಕೀಲಿಕೈಯನ್ನು ನೆರೆಮನೆಯ ದಾರದ ಡಬ್ಬಿಯಲ್ಲಿ ಇಟ್ಟುಬಿಡಿ. ನಿಮ್ಮ ಸರದಿ ಬಂದಾಗ ನೆಲ ನೋಡಬೇಡಿ. ತಲೆ ಎತ್ತಿ, ಎಲ್ಲರಿಗೂ ಗೊತ್ತಿರುವ ಮಾತನ್ನೇ ಹೇಳಿ.